ಹೂಳಲು ಒಯ್ದ ಕಾದಂಬರಿ

ತಿರ್ಜಾ,

ಬಾರ್ಲಿ ಸೂಪು ಒಲೆಯ ಮೇಲಿದೆ, ಬಿಸಿಮಾಡಿಕೊಂಡು ಕುಡಿ.

ನೀನು ಕಸಕ್ಕೆ ಹಾಕಿದ್ದ ನಿನ್ನ ಕಾದಂಬರಿಯ ಹಸ್ತಪ್ರತಿಯನ್ನು ಎತ್ತಿಕೊಂಡಿದ್ದೇನೆ. ನಿನ್ನ ತಾಯಿಯ ಕೊನೆಯ ಪ್ರಾರ್ಥನೆಯನ್ನು ಅದರಲ್ಲಿ ಹೀಬ್ರೂ ಲಿಪಿಯಲ್ಲೇ, ಭಗವಂತನ ನಾಮಸಹಿತವಾಗಿ ಬರೆದಿರುವೆ. ಆ ನಾಮವಿರುವ ಕಾಗದವನ್ನು ಯೆಹೂದ್ಯರಾದ ನಾವು ಎಸೆಯುವಂತಿಲ್ಲ, ಸುಡುವಂತಿಲ್ಲ, ಮಣ್ಣು ಮಾಡಬೇಕು. ನೆಲ ಹಿಮಗಟ್ಟುವ ಮುನ್ನವೆಂದು ಸಿನಗಾಗ್‌ನವರು ಇಂದು ಮಧ್ಯಾಹ್ನ ಜೀರ್ಣಗ್ರಂಥಗಳನ್ನು ಸ್ಮಶಾನದಲ್ಲಿ ಹೂಳುತ್ತಾರೆ. ಇದನ್ನೂ ಒಯ್ಯುತ್ತಿದ್ದೇನೆ.

ಕಾದಂಬರಿ ಮುಗಿಸು ಎಂದದ್ದಕ್ಕೆ “ಸತ್ತ ಅಮ್ಮನ್ನ ಇನ್ನೆಷ್ಟು ಸಲ ಸಾಯಿಸ್ಲಿ ಅಪ್ಪಾ? ಬೇಕಾದ್ರೆ ನೀನೇ ಬರ್ಕೋ ಹೋಗು” ಎಂದು ನಿನ್ನೆ ನೀನು ರೇಗಿದೆ. ಆಯುಷ್ಯವೆಲ್ಲ ಪರರ ಗ್ರಂಥಗಳಿಗೆ ವ್ಯಾಖ್ಯಾನ ಬರೆದವನು ನಾನು, ಇದು ನನ್ನಿಂದಾಗದು. ಆದರೆ ಬೆಳಿಗ್ಗೆ ಕುಳಿತು ಓದಿದೆ. ಅವಳ ಕೆಮ್ಮು ನನಗೆ ಮರೆತೇಹೋಗಿತ್ತು. ನಿನ್ನ ಪುಟಗಳಲ್ಲಿ ಕೇಳಿಸಿತು.

ಮುಗಿಸುವ ಮನಸ್ಸಾದರೆ ಬಂದು ಕೇಳು, ಕೊಡುತ್ತೇನೆ. ಗ್ರಂಥಗಳನ್ನು ಗುಂಡಿಗಿಳಿಸುವ ಸಾಲಿನಲ್ಲಿ ನಾನು ಎಲ್ಲರಿಗಿಂತ ಹಿಂದೆ ನಿಂತಿರುತ್ತೇನೆ.

ಅಪ್ಪ