ಹಿಟ್ಟು ಹಚ್ಚದ ರೆಕ್ಕೆಗಳು

ಹೊಲಿಗೆ ಅಂಗಡಿಯ ಹಿಂದಿನ ಕೋಣೆ
ತಾರೀಖು ೧೨, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಪ್ರೀತಿಯ ಎಂದು ಬರೆಯುವುದು ರೂಢಿ, ಅದಕ್ಕೆ ಬರೆದಿದ್ದೇನೆ. ನೀನೂ ಭಾವನೂ ಆರೋಗ್ಯವೆಂದು ತಿಳಿಯುತ್ತೇನೆ. ಭಾನುವಾರ ಬಂದಾಗ ಇಬ್ಬರ ಕೆನ್ನೆಯೂ ಹೊಳೆಯುತ್ತಿತ್ತು. ಫೋನಿನಲ್ಲಿ ನೀನು ದನಿ ಏರಿಸಿದರೆ ನನ್ನ ನಾಲಿಗೆ ಕಟ್ಟಿಹೋಗುತ್ತದೆ. ಆದ್ದರಿಂದ ಈ ಕಾಗದವನ್ನು ಪಕ್ಕದ ಮನೆಯ ಡ್ರೈವರ್ ಕೈಯಲ್ಲಿ ಕಳಿಸುತ್ತಿದ್ದೇನೆ.

ಅಪ್ಪನ ಎಡಗಾಲಿನ ಕಿರುಬೆರಳಿನ ಗಾಯ ಮಾಗಿಲ್ಲ. ಹೊಲಿಗೆಯಂತ್ರದ ಪೆಡಲು ತುಳಿದೂ ತುಳಿದೂ ಆದ ಗಾಯ. ಸಕ್ಕರೆ ಕಾಯಿಲೆಗೆ ಜೋಮು ಹಿಡಿದ ಕಾಲಿಗೆ ಅದು ಗೊತ್ತೂ ಆಗಲಿಲ್ಲ. ಸಕ್ಕರೆ ಇಳಿಯದಿದ್ದರೆ ಬೆರಳು ಉಳಿಯುವುದಿಲ್ಲ ಎಂದು ಡಾಕ್ಟರು ನಿನ್ನೆದುರೇ ಹೇಳಿದ್ದರು. ಅನ್ನ, ಬ್ರೆಡ್ಡು, ಆಲೂಗಡ್ಡೆ, ಸಿಹಿ ಎಲ್ಲ ಬಂದ್. ನೀನು ತಲೆಯಾಡಿಸಿದೆ. ಆಮೇಲೆ ಪ್ರತಿ ಭಾನುವಾರ, ಮೈದಾಹಿಟ್ಟು ಹಚ್ಚಿ ಕರಿದು ಪಾಕದಂಥ ಸಾಸ್ ಸುರಿದ ಕೋಳಿ ರೆಕ್ಕೆಯ ಡಬ್ಬಿ ಹಿಡಿದು ಬರುತ್ತೀಯ. “ಒಂದಿನ ತಿಂದ್ರೆ ಏನೂ ಆಗಲ್ಲ ಕಣೇ, ಮುಖ ಗಂಟಿಕ್ಕಬೇಡ” ಅನ್ನುತ್ತೀಯ. ಒಂದು ಗಂಟೆ ಮಗಳಾಗಿ ಹೊರಟುಹೋಗುತ್ತೀಯ. ಸೋಮವಾರ ಬೆಳಿಗ್ಗೆ ರಕ್ತ ತೆಗೆದು ಮುನ್ನೂರು ದಾಟಿದ್ದನ್ನು ನೋಡುವವಳು ನಾನು. ಅಪ್ಪ ನನ್ನನ್ನು ಕರೆಯುವುದು ಜೈಲರಮ್ಮ ಎಂದು.

ಅದಕ್ಕೇ ರೆಕ್ಕೆಗಳನ್ನು ಹಿಟ್ಟಿಲ್ಲದೆ ಗರಿಗರಿ ಮಾಡಲು ಕಲಿತೆ. ಚರ್ಮದಲ್ಲಿ ನೀರು ಉಳಿಯಬಾರದು, ಅಷ್ಟೇ ಗುಟ್ಟು ಎಂದು ಕೋಳಿ ಅಂಗಡಿಯವಳು ಹೇಳಿದಳು. ಮೊದಲ ಸಲ ಕೈಗೆ ಸಿಕ್ಕ ಹೊಸ ಅಸ್ತರ್ ಬಟ್ಟೆಯ ತುಂಡಿನಲ್ಲಿ ಒತ್ತಿ ಒರೆಸಿದೆ. ಬಣ್ಣ ಬಿಟ್ಟು ಅಷ್ಟೂ ರೆಕ್ಕೆ ನೀಲಿಯಾದವು. ಅಪ್ಪ ಕನ್ನಡಕ ಏರಿಸಿ, “ಏನ್ ಜೈಲರಮ್ಮ, ಕೋಳಿಗೂ ಯೂನಿಫಾರಂ ಹೊಲಿಸಿದ್ಯಾ?” ಎಂದರು. ನೀನಾಗಿದ್ದರೆ ನಗುತ್ತಿದ್ದೆ. ನಾನು ಅಷ್ಟನ್ನೂ ಕಸಕ್ಕೆ ಸುರಿದು ಮತ್ತೆ ಕೋಳಿ ಅಂಗಡಿಗೆ ಹೋದೆ.

ಎರಡನೇ ಸಲ, ಒಗೆದು ಒಗೆದು ಬೆಳ್ಳಗಾದ ಹತ್ತಿಬಟ್ಟೆ. ಉಪ್ಪು, ಕಾಳುಮೆಣಸಿನ ಪುಡಿ, ಒಂದು ಚಮಚ ಬೇಕಿಂಗ್ ಪೌಡರ್ ಸವರಿ, ಮುಚ್ಚಳ ಹಾಕದೆ ಒಂದು ದಿನ ಫ್ರಿಜ್ಜಿನಲ್ಲಿಟ್ಟೆ. ಚರ್ಮ ಕಾಗದದಂತೆ ಒಣಗಿತು. ತಂತಿಜಾಲಿಯ ಮೇಲೆ ಬಿಡಿಬಿಡಿಯಾಗಿ ಹರಡಿ, ಓವನ್ನಿನ ಶಾಖ ಜೋರು ಮಾಡಿ, ನಡುವೆ ಒಮ್ಮೆ ಮಗುಚಿ, ಮುಕ್ಕಾಲು ಗಂಟೆ ಸುಟ್ಟೆ. ಅಪ್ಪ ಕಚ್ಚಿದ ಸದ್ದು, ಮುಂದೆ ಅಂಗಡಿಯಲ್ಲಿ ಗುಂಡಿ ಹಚ್ಚುತ್ತಿದ್ದ ನನಗೆ ಕೇಳಿಸಿತು. ಆರು ತಿಂದು, ಮೂಳೆ ಚೀಪಿ, ಕೂಗಿ ಕೇಳಿದರು: “ಅಕ್ಕ ಬಂದಿದ್ಲಾ? ನಂಗ್ಯಾಕೆ ಹೇಳ್ಲಿಲ್ಲ?”

ಹ್ಞೂಂ, ಬಂದು ಕೊಟ್ಟುಹೋದಳು ಎಂದೆ. ನಿನ್ನ ಹೆಸರು ಹೇಳಿದರೆ ಮಾರನೆಯ ದಿನವೂ ಅನ್ನ ಕೇಳದೆ ತಿನ್ನುತ್ತಾರೆ. ಮೂರು ವಾರದಿಂದ ನಿನ್ನ ಹೆಸರಿನಲ್ಲಿ ನಾನು ಬೇಯಿಸುತ್ತಿದ್ದೇನೆ. ಆರು ದಿನ ನಾನು ಇಳಿಸಿದ ಸಕ್ಕರೆಯನ್ನು ನೀನು ಏಳನೆಯ ದಿನ ಏರಿಸಿ ಹೋಗುತ್ತಿದ್ದೀಯ.

ಭಾವನಿಗೆ ನಮಸ್ಕಾರ ತಿಳಿಸು. ನಿನಗೆ ಒಳ್ಳೆಯದಾಗಲಿ ಎಂದು ಹೇಳುವಷ್ಟು ದೊಡ್ಡ ಮನಸ್ಸು ಇವತ್ತು ಇಲ್ಲ.

ಇಂತಿ,
ನಿನ್ನ ತಂಗಿ

ಡ್ರೈವರ್ ಹೊರಗೆ ಹಾರನ್ ಹೊಡೆಯುತ್ತಿದ್ದಾನೆ. ಮರೆತಿದ್ದೆ ಎಂದರೆ ಸುಳ್ಳು, ಬರೆಯಲು ಕೈ ಬಂದಿರಲಿಲ್ಲ. ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಬೆರಳು ತೆಗೆಯುತ್ತಾರೆ. ನೀನು ಬರದೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಅಪ್ಪ ಹಠ ಹಿಡಿದಿದ್ದಾರೆ. ಬಾ. ಕೈ ಬೀಸಿಕೊಂಡು ಬಾ.