ತಿಳಿಹೊಂಡದ ಯಾಬಿಗಳು

ಗಣಿಮನೆ, ಮರ್ರಿಗಲ್ ಕಣಿವೆ
ಮಾರ್ಚ್ 12, ಗುರುವಾರ

ನನ್ನ ನೊಯೆಲೀನ್‌ಗೆ,

ಅತ್ತೆಯವರ ಸೊಂಟ ಈಗ ಹೇಗಿದೆ? ಕೋಲೂರಿಕೊಂಡು ಬಚ್ಚಲಿನ ತನಕ ನಡೆಯುತ್ತಿದ್ದಾರೆಂದು ಕೇಳಿ ಸಮಾಧಾನವಾಯಿತು. ಅವರನ್ನು ಎತ್ತಿ ಕೂರಿಸುವಾಗ ನಿನ್ನ ಮಂಡಿ ಜೋಪಾನ. ನಾನು ಚೆನ್ನಾಗಿದ್ದೇನೆ. ನೀನು ಮಾಡಿಟ್ಟುಹೋದ ಕುರಿಮಾಂಸದ ಸಾರು ಮುಗಿದ ಮೇಲೆ ಒಂದು ದಿನ ಟೋಸ್ಟಿನ ಮೇಲೆ ಬೀನ್ಸ್, ಮರುದಿನ ಬೀನ್ಸಿನ ಮೇಲೆ ಟೋಸ್ಟ್. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅತ್ತೆಯವರು ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕದ ಮನೆಯವರನ್ನೂ ಕೂರಿಸಿಕೊಳ್ಳುತ್ತಾರೆ. ಆ ಸಭೆಯಲ್ಲಿ ಹೇಳುವಂಥ ಸುದ್ದಿ ಇದಲ್ಲ.

ಮಂಗಳವಾರ ಪರಿಸರ ಇಲಾಖೆಯಿಂದ ತನಿಖೆಗೆ ಬಂದಿದ್ದರು, ಮುಂಚಿತವಾಗಿ ಒಂದು ಮಾತೂ ತಿಳಿಸದೆ. ಹಿಂದಿನವರು ಬಂದರೆ ದಾಖಲೆಪುಸ್ತಕ ತಿರುವಿಹಾಕಿ, ಚಹಾ ಕುಡಿದು, ನಿನ್ನ ಸ್ಕೋನ್ ಬನ್ನು ಎರಡು ಜೇಬಿಗಿಳಿಸಿ ಹೋಗುತ್ತಿದ್ದರು. ಈಕೆ ಹೊಸಬರು, ಸೆಲಿನಾ ಫಾಲೆಯೋಲೋ ಎಂದು, ಸಮೋವಾ ಕಡೆಯ ಮನೆತನ. ಚಹಾ ಆಮೇಲೆ ಎಂದು ಬೂಟು ಏರಿಸಿಕೊಂಡು ನೇರ ತಿಳಿಹೊಂಡಕ್ಕೆ ನಡೆದರು. ಗಣಿ ನಿಂತು ಐದು ವರ್ಷವಾಯಿತೆಂದು ಅದರೊಳಗಿನ ನೀರಿಗೆ ಯಾರು ಹೇಳಬೇಕು? ಅದು ಒಸರುತ್ತಲೇ ಇರುತ್ತದೆ, ಕಾವಲಿಗೆ ಉಳಿದ ನಾನೊಬ್ಬ ಪಂಪು ಮಾಡಿ ಹೊಂಡಕ್ಕೆ ಬಿಡುತ್ತಲೇ ಇರುತ್ತೇನೆ. ಅಲ್ಲಿ ಕಲ್ಲಿದ್ದಲಿನ ಮಸಿ ತಳಕ್ಕಿಳಿದು ತಿಳಿಯಾದ ಮೇಲೆ, ಅಳೆದು ನೋಡಿಯೇ ಹಳ್ಳಕ್ಕೆ ಹರಿಸಬೇಕು. ಆ ಅಳತೆಯಲ್ಲಿ ನಾನು ಒಂದು ದಿನವೂ ತಪ್ಪಿಲ್ಲ, ಅದು ನಿನಗೂ ಗೊತ್ತು.

ಅವರು ಏರಿಯ ಕೆಳಬದಿಗೆ ಇಳಿದು ಒಂದು ಕಡೆ ನಿಂತುಬಿಟ್ಟರು. "ಕ್ಲೆಮ್, ಇಲ್ಲಿ ಯಾಕೆ ಒದ್ದೆ?" ಇಬ್ಬನಿ ಇರಬೇಕು ಎಂದೆ. "ಮಧ್ಯಾಹ್ನ ಎರಡು ಗಂಟೆಗಾ? ನಿಮ್ಮೂರಿನ ಇಬ್ಬನಿ ತಡವಾಗಿ ಏಳುತ್ತೆ ಅನ್ಸುತ್ತೆ." ಆಮೇಲೆ ಮೇಲೆ ಹತ್ತಿ, ನೀರಂಚಿನ ಒಂದು ಬಿಲಕ್ಕೆ ಕಡ್ಡಿ ಹಾಕಿ ಎಳೆದರು. ಕಡ್ಡಿ ಕಚ್ಚಿಕೊಂಡು ಅಂಗೈ ಉದ್ದದ ಸಿಹಿನೀರಿನ ಸೀಗಡಿ, ಒಂದು ಯಾಬಿ, ಹೊರಗೆ ಬಂತು, ಇಕ್ಕಳದಂಥ ಎರಡೂ ಕೈ ಎತ್ತಿಕೊಂಡು. ಅದನ್ನು ನನ್ನ ಮುಖದ ಹತ್ತಿರ ಹಿಡಿದು ಕೇಳಿದರು: "ಇವರು ಯಾರು? ಸಿಬ್ಬಂದಿ ಪಟ್ಟಿಯಲ್ಲಿ ಇವರ ಹೆಸರೇ ಇಲ್ವಲ್ಲ."

ಈಗ ನಿನಗೆ ಹೇಳಿಬಿಡುತ್ತೇನೆ. ಎರಡು ವರ್ಷದ ಹಿಂದೆ ಹನ್ನೆರಡು ಯಾಬಿ ತಂದು ಅಲ್ಲಿ ಬಿಟ್ಟವನು ನಾನೇ. ಹೊಂಡದ ನೀರು ಅಷ್ಟು ತಿಳಿಯಾಗಿತ್ತು, ಸಾಯಂಕಾಲ ಅಷ್ಟು ಬೇಜಾರಾಗಿತ್ತು. ಕ್ರಿಸ್‌ಮಸ್ಸಿಗೆ ನೀನು ಬೆಣ್ಣೆಯಲ್ಲಿ ಹುರಿದದ್ದು, ನಾನು ಆಗ ಹೇಳಿದಂತೆ, ಗೆಳೆಯ ವಿಲ್ಫ್ ತನ್ನ ಕಟ್ಟೆಯಿಂದ ಹಿಡಿದುಕೊಟ್ಟದ್ದಲ್ಲ. ವಿಲ್ಫ್ ಹತ್ತಿರ ಕಟ್ಟೆಯೇ ಇಲ್ಲ. ಹನ್ನೆರಡು ನೂರಾರಾದವು, ಏರಿಯ ತುಂಬ ಬಿಲ ಕೊರೆದವು, ನೀರು ಆ ಬಿಲಗಳಿಂದಲೇ ಜಿನುಗುತ್ತಿದೆ.

ಏರಿ ಜಿನುಗುವುದಕ್ಕೆ ಕಾರಣ ಬರೆದುಕೊಡಿ ಎಂದರು ಸೆಲಿನಾ. ಬ್ರಿಸ್ಬೇನಿನ ಕಂಪನಿ ಕಚೇರಿಗೆ ಫೋನು ಮಾಡಿದೆ. ಮ್ಯಾನೇಜರ್ ಗ್ರೇಸನ್ ಒಂದೇ ಉಸಿರಿಗೆ ಹೇಳಿದ: "ಹಳೇ ಏರಿ, ಕಟ್ಟಿದವನು ಸರಿಯಾಗಿ ದಮ್ಮಸು ಮಾಡಿಲ್ಲ ಅಂತ ಬರೀರಿ. ಯಾಬಿ ಗೀಬಿ ಅಂತ ಬಾಯಿ ಬಿಟ್ರೋ, ಕಂಪನಿ ಮನೆ ಖಾಲಿ ಮಾಡೋಕೆ ರೆಡಿಯಾಗಿ." ಬರೆಯಲು ಕುಳಿತೆ. ಆ ಏರಿ ಕಟ್ಟಿದವನು ನಮ್ಮ ಹಳೆಯ ಜೊತೆಗಾರ ಪರ್ಸ್ ಅಲ್ಲವೇ? ಮೂರು ಬೇಸಿಗೆ ಬುಲ್ಡೋಜರಿನ ಮೇಲೆ ಬೆಂದುಹೋದ, ಒಂದೊಂದು ಪದರ ಮಣ್ಣನ್ನೂ ತುಳಿದು ನೋಡಿದ. ಸತ್ತವನು ಎದ್ದು ಬಂದು ನಾನಲ್ಲ ಎನ್ನುವಂತಿಲ್ಲ. ಪೆನ್ನು ಮುಂದೆ ಹೋಗಲಿಲ್ಲ, ನೊಯೆಲೀನ್. ನಲವತ್ತು ವರ್ಷದ ಕೆಲಸ ಹೋದರೆ ಹೋಗಲಿ ಎಂದು ಬರೆದೆ: "ಏರಿ ಗಟ್ಟಿಯಾಗಿದೆ. ಯಾಬಿ ಹನ್ನೆರಡು, ಬಿಟ್ಟವನು ನಾನು, ಊಟಕ್ಕಾಗಿ."

ಸೆಲಿನಾ ಅದನ್ನು ಎರಡು ಸಲ ಓದಿದರು. "ಇಪ್ಪತ್ತು ಗಣಿ ನೋಡಿದೀನಿ. ಎಲ್ಲಾ ಕಡೆ ತಪ್ಪು ಮಳೇದೇ ಆಗಿರುತ್ತೆ" ಎಂದು ಆದೇಶ ಬರೆಯತೊಡಗಿದರು. ನೀರಿನ ಮಟ್ಟ ಇಳಿಸಬೇಕು, ಆರು ವಾರದಲ್ಲಿ ಏರಿ ಅಗೆದು ಮತ್ತೆ ದಮ್ಮಸು ಮಾಡಬೇಕು, ಯಾಬಿ ಒಂದೂ ಉಳಿಯಕೂಡದು. ಕೊನೆಯಲ್ಲಿ ಇನ್ನೊಂದು ಸಾಲು: ಬಿಲಗಳ ಜಾಗ ತಿಳಿದವನು ಕ್ಲೆಮ್ ಪಾಸ್ಕೋ ಒಬ್ಬನೇ ಆದ್ದರಿಂದ, ಕೆಲಸ ಮುಗಿಯುವ ತನಕ ಆತನನ್ನು ಬದಲಿಸಕೂಡದು. ನಿನ್ನೆ ಗ್ರೇಸನ್ ಕೂಗಾಡಲು ಫೋನು ಮಾಡಿದ್ದ. ಆ ಸಾಲು ಓದಿ ಹೇಳಿದೆ. ಕೂಗಾಟ ನಿಲ್ಲಿಸಿ, "ಪಂಪಿಗೆ ಡೀಸೆಲ್ ಎಷ್ಟು ಬೇಕು?" ಎಂದು ಕೇಳಿದ.

ಈವರೆಗೆ ಮುನ್ನೂರ ಹನ್ನೆರಡು ಹಿಡಿದಿದ್ದೇನೆ. ಮಾಂಸದ ಚೂರು ಕಟ್ಟಿ ಇಳಿಬಿಡಲು ನಿನ್ನ ಉದ್ದದ ಕಾಲುಚೀಲಗಳಷ್ಟು ಒಳ್ಳೆಯದು ಬೇರೆ ಇಲ್ಲ. ಐದು ಜೊತೆ ಹೋದವು, ಕ್ಷಮಿಸು. ಕಪ್ಪಗಿನ ಜೊತೆಯನ್ನು ಮುಟ್ಟಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು, ನಿದ್ದೆಗೆಡಬೇಡ. ಅತ್ತೆಯವರಿಗೆ ನನ್ನ ನಮಸ್ಕಾರ.

ನಿನ್ನವನೇ ಆದ
ಕ್ಲೆಮ್

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ನೀನು ಹೊರಡುವಾಗ ಅತ್ತೆಯವರಿಗೆಂದು ಕೊಟ್ಟೆನಲ್ಲ ಉಪ್ಪಿನಕಾಯಿ ಬಾಟಲಿ, ಅದರಲ್ಲಿರುವ ಯಾಬಿಗಳೂ ಆ ಹೊಂಡದವೇ. ಗಣಿನೀರಿನಲ್ಲಿ ಬೆಳೆದವು, ಪ್ರಯೋಗಾಲಯದಿಂದ ಉತ್ತರ ಬರುವ ತನಕ ಯಾರೂ ಬಾಯಿಗಿಡಬಾರದೆಂದು ಸೆಲಿನಾ ಕಟ್ಟುನಿಟ್ಟಾಗಿ ಹೇಳಿದ್ದಾರೆ. ಮುಚ್ಚಳ ತೆಗೆದಿರದಿದ್ದರೆ ತೆಗೆಯಬೇಡ. ತೆಗೆದಾಗಿದ್ದರೆ ಅತ್ತೆಯವರಿಗೆ ಏನೂ ಹೇಳಬೇಡ, ಭಾನುವಾರ ನಾನೇ ಬಂದು ಹೇಳುತ್ತೇನೆ. ಬಾಗಿಲ ಹತ್ತಿರದ ಕುರ್ಚಿ ನನಗೆ ಇಟ್ಟಿರು, ಅವರ ಕೋಲನ್ನು ಸ್ವಲ್ಪ ದೂರ ಇಡು.