ಕಮ್ಯುನಿಟಿಯಿಂದ ಬಂದ ನ್ಯುಮೋನಿಯಾ

ಗಂಜಾಂ, ಶ್ರೀರಂಗಪಟ್ಟಣ
೧೮ ಡಿಸೆಂಬರ್ ೧೯೯೬

ಸೌಭಾಗ್ಯವತಿ ಪವಿತ್ರಳಿಗೆ ನಿನ್ನ ತಂದೆಯ ಆಶೀರ್ವಾದ.

ನಿನ್ನ ಬೆನ್ನುನೋವು ಹೇಗಿದೆ? ಕೃಷ್ಣರಾಜಪೇಟೆಯ ಚಳಿಯಲ್ಲಿ ತಣ್ಣೀರಿನ ಸ್ನಾನ ಬೇಡ. ನಾನು ಮನೆಗೆ ಬಂದಿದ್ದೇನೆ. ಜಗಲಿಯವರೆಗೆ ನಡೆದರೆ ಏದುಸಿರು. ಆದರೂ ಪೆನ್ನು ಹಿಡಿಯುವಷ್ಟು ಶಕ್ತಿಯಿದೆ. ನೀನು ಮೈಸೂರಿನ ಆಸ್ಪತ್ರೆಯ ಬಾಗಿಲವರೆಗೆ ಬಂದು, ನಿನ್ನ ಸೋದರಮಾವ ಚಿಕ್ಕಸ್ವಾಮಿಯ ಮಾತು ಕೇಳಿ, ನನ್ನನ್ನು ನೋಡದೆಯೇ ಹಿಂದಿರುಗಿದೆಯೆಂದು ನಿನ್ನಮ್ಮ ನಿನ್ನೆ ತಿಳಿಸಿದಳು. ಜಾತಿ ಬಿಟ್ಟು ನೀನು ಧರ್ಮೇಂದ್ರನನ್ನು ಮದುವೆಯಾದ ಕೊರಗೇ ನನ್ನ ಎದೆಗೆ ಇಳಿಯಿತೆಂದು ನಂಬಿರುವೆಯಂತೆ. ಅದನ್ನು ತಿದ್ದದೆ ಬಿಡಲಾರೆ.

ತೀವ್ರ ನಿಗಾ ಘಟಕದಲ್ಲಿ ನಾನು ಎಲ್ಲಿದ್ದೆನೆಂದು ಹೇಳುವುದು ಕಷ್ಟ. ಗಂಟಲಲ್ಲಿ ಕೊಳವೆ, ಪಕ್ಕದಲ್ಲಿ ನನ್ನ ಪರವಾಗಿ ಉಸಿರಾಡುವ ಯಂತ್ರ. ಆ ಸದ್ದಿಗೆ ಹಾಸಿಗೆ ಮೆಲ್ಲನೆ ಕರಗಿ ಕಾವೇರಿಯಾಗುತ್ತಿತ್ತು. ತಳದ ಮರಳಿನ ಮೇಲೆ ನಾನು ಕನ್ನಡ ಕಲಿಸುತ್ತಿದ್ದ ಶಾಲೆ. ಮಕ್ಕಳು ಬಾಯಿ ತೆರೆದರೆ ಅಕ್ಷರಗಳು ಗುಳ್ಳೆಗಳಾಗಿ ಮೇಲೇರುತ್ತಿದ್ದವು. ಒತ್ತಕ್ಷರ ತಿದ್ದಲು ಕೈಚಾಚಿದರೆ ಒಡೆದುಹೋಗುತ್ತಿದ್ದವು. ಭಯವಿರಲಿಲ್ಲ, ಮಗಳೇ. ಎಳೆಬಿಸಿಲಿನಲ್ಲಿ ತೇಲುವ ತರಗೆಲೆಯಷ್ಟು ಹಗುರಾಗಿದ್ದೆ.

ಆ ನೀರಿನ ಮೇಲಿಂದ ಒಂದು ದಿನ ಜಗಳ ಕೇಳಿಸಿತು. ನನ್ನದು ಕಮ್ಯುನಿಟಿಯಿಂದ ಬಂದ ನ್ಯುಮೋನಿಯಾ ಎಂದು ಡಾಕ್ಟರಮ್ಮ ಹೇಳಿದ್ದರು. ಚಿಕ್ಕಸ್ವಾಮಿ ಕೆರಳಿದ. “ಕಾಯ್ಲೆಗೂ ಜಾತಿ ಕಟ್ಬುಟ್ರಾ ಡಾಕ್ಟ್ರೇ? ನಮ್ ಕಮ್ಯುನಿಟೀಲಿ ಎಲ್ರೂ ಗುಂಡ್‌ಕಲ್ಲಂಗವ್ರೆ. ಮಗ್ಳು ಕಮ್ಯುನಿಟಿ ಬುಟ್ಟೋದ್ಲಲ್ಲ, ಅದ್ಕೇ ಬಾವನ ಎದೆ ಕೆಟ್ಟಿರೋದು.” ಡಾಕ್ಟರಮ್ಮ ತಾಳ್ಮೆಯಿಂದ, “ಜಾತಿ ಅಲ್ಲ ಯಜಮಾನ್ರೇ. ಆಸ್ಪತ್ರೆಗೆ ಸೇರೋ ಮುಂಚೇನೇ, ಹೊರಗಡೆ ಜನಗಳ ಮಧ್ಯೆ ತಗುಲಿದ್ದು ಅಂತ. ಬಸ್ಸಲ್ಲೂ ತಗುಲಬಹುದು” ಎಂದರು. “ಬಸ್ಸಲ್ಲಿ ಎಲ್ಲಾ ಜಾತಿಯೋರೂ ಇರ್ತಾರಲ್ಲ,” ಎಂದ ಇವನು. “ಅದನ್ನೇ ನಾನೂ ಹೇಳ್ತಿರೋದು,” ಎಂದರು ಅವರು. ಕೊಳವೆಯಿರದಿದ್ದರೆ ನಕ್ಕುಬಿಡುತ್ತಿದ್ದೆ.

ಕಾರಣ ಬೇರೆ, ನೆಪ ಬೇರೆ. ಎರಡನ್ನೂ ಒಂದೇ ಅರ್ಥದಲ್ಲಿ ಬಳಸುವುದು ತಪ್ಪು. ಇಂಥ ನ್ಯುಮೋನಿಯಾಕ್ಕೆ ಬಗೆಬಗೆಯ ಬ್ಯಾಕ್ಟೀರಿಯಾಗಳೂ ವೈರಸ್ಸುಗಳೂ ಕಾರಣವಂತೆ. ಎಷ್ಟೋ ರೋಗಿಗಳಲ್ಲಿ ಆ ಕಾರಣ ಕೊನೆಗೂ ಪತ್ತೆಯಾಗುವುದಿಲ್ಲವಂತೆ. ನನ್ನ ರಕ್ತದಲ್ಲಿ ಸಿಕ್ಕಿತು: ನ್ಯುಮೋಕಾಕಸ್. ಆರೋಗ್ಯವಂತರ ಗಂಟಲಲ್ಲೂ ಸದ್ದಿಲ್ಲದೆ ತಂಗಿರಬಲ್ಲ ಜೀವಿ. ಮುಂಚೆ ಬಂದಿದ್ದ ಫ್ಲೂ ಜ್ವರವೂ ನನ್ನ ಹಳೆಯ ಸಕ್ಕರೆ ಕಾಯಿಲೆಯೂ ಅದಕ್ಕೆ ದಾರಿಮಾಡಿಕೊಟ್ಟವು. ಈ ವಾಕ್ಯವನ್ನು ಹೇಗೆ ಬಿಡಿಸಿದರೂ ನಿನ್ನ ಹೆಸರು ಕರ್ತೃವಾಗಿಯೋ ಕರ್ಮವಾಗಿಯೋ ಸಿಗದು. ಯಾವ ವಿಭಕ್ತಿಯಲ್ಲೂ ನೀನಿಲ್ಲ.

ಹೊತ್ತಿಗೆ ಸರಿಯಾಗಿ ಉಣ್ಣು. ನಿಮ್ಮಿಬ್ಬರ ಬಾಳು ತಂಪಾಗಿರಲಿ.

ನಿನ್ನ ತಂದೆ,
ಚಲುವಯ್ಯ

ಮರೆತ ಮಾತು: ಬರುವ ಸೋಮವಾರ ಮೈಸೂರಿಗೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಬೇಕು, ಜೊತೆಗೊಬ್ಬರು ಇರಬೇಕಂತೆ. ಚಿಕ್ಕಸ್ವಾಮಿಗೆ ಬೇಡವೆಂದೆ, ಮುನಿಸಿಕೊಂಡಿದ್ದಾನೆ. ನೀನು ಬಾ. ಅಳಿಯಂದಿರನ್ನೂ ಕರೆದುಕೊಂಡು ಬಾ. ಈ ಬಹುವಚನ ಗೌರವಾರ್ಥಕ, ಕೈತಪ್ಪೆಂದು ತಿಳಿಯಬೇಡ.